ಪ್ರೊಸೆಸರ್ ಬಿಸಿಯಾಗುತ್ತಿದೆಯೇ? ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಲ್ಯಾಪ್‌ಟಾಪ್ ಮುಟ್ಟಿದರೆ ಸುಡುತ್ತದೆ, ಏನು ಮಾಡಲಿ?" "85 ಡಿಗ್ರಿ ತೋರಿಸುತ್ತಿದೆ, ಪ್ರೊಸೆಸರ್ ಹೋಗುತ್ತಾ?" "ಕೆಲಸದ ಮಧ್ಯೆ ತಾನಾಗಿಯೇ ಆಫ್ ಆಯಿತು, ಹೊಸ ಫ್ಯಾನ್ ಹಾಕಿಸಬೇಕಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ನಾನೇ ಅನುಸರಿಸುವ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಈ ಕ್ರಮವನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಕೊನೆಯಿಂದ ಶುರು ಮಾಡುತ್ತಾರೆ. ಮೊದಲ ದಿನವೇ ಕೂಲಿಂಗ್ ಪ್ಯಾಡ್, ಅಂದರೆ ಲ್ಯಾಪ್‌ಟಾಪ್ ಕೆಳಗಿಡುವ ಫ್ಯಾನ್ ಹಲಗೆ, ಕೊಳ್ಳುತ್ತಾರೆ, ಇಲ್ಲವೇ ಅಂಗಡಿಗೆ ಹೋಗಿ ಪೇಸ್ಟ್ ಬದಲಾಯಿಸಿ ಬರುತ್ತಾರೆ. ಬಿಸಿ ಹಾಗೇ ಇರುತ್ತದೆ. ಯಾಕೆಂದರೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ.

ಮೊದಲು ನಾಲ್ಕು ಮಾತು ಗೊತ್ತಿರಲಿ

ನಮ್ಮಲ್ಲಿ ಡೆಸ್ಕ್‌ಟಾಪಿನ ಇಡೀ ಡಬ್ಬವನ್ನೇ ಸಿಪಿಯು ಎನ್ನುವ ರೂಢಿ ಇದೆ. ಡಬ್ಬದ ಹೆಸರು ಕ್ಯಾಬಿನೆಟ್. ಸಿಪಿಯು ಅಥವಾ ಪ್ರೊಸೆಸರ್ ಎಂದರೆ ಅದರೊಳಗೆ ಮದರ್‌ಬೋರ್ಡ್ ಮೇಲೆ ಕೂತಿರುವ ಒಂದು ಚಿಕ್ಕ ಚಿಪ್. ಹಳೇ 60 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿದ ನೆನಪು ಇದೆಯಲ್ವಾ? ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರ್ 65 ವ್ಯಾಟ್‌ನದು. ಇಂಟೆಲ್ ಕಂಪನಿಯ ಐ5-12400 ತರಹದ್ದು ಜೋರಾಗಿ ಓಡುವಾಗ 117 ವ್ಯಾಟ್‌ವರೆಗೂ ಹೋಗುತ್ತದೆ. ಅಷ್ಟೂ ಕಾವು ಹುಟ್ಟುವುದು ಅಂಚೆಚೀಟಿಗಿಂತ ಚಿಕ್ಕ ಜಾಗದಲ್ಲಿ.

ಆ ಕಾವು ಹೊರಗೆ ಹೋಗುವ ದಾರಿ ಹೀಗಿದೆ. ಚಿಪ್‌ನಿಂದ ಥರ್ಮಲ್ ಪೇಸ್ಟ್‌ಗೆ, ಅಂದರೆ ಎರಡು ಲೋಹಗಳ ನಡುವಿನ ಸಣ್ಣ ಸಂದು ತುಂಬುವ ಲೇಪಕ್ಕೆ. ಅಲ್ಲಿಂದ ಹೀಟ್‌ಸಿಂಕ್‌ಗೆ, ಅಂದರೆ ತೆಳ್ಳನೆಯ ರೆಕ್ಕೆಗಳಿರುವ ಲೋಹದ ತುಂಡಿಗೆ. ಅಲ್ಲಿಂದ ಫ್ಯಾನ್ ತಳ್ಳುವ ಗಾಳಿಗೆ. ಕೊನೆಗೆ ನಿಮ್ಮ ಕೋಣೆಗೆ. ಇದರಲ್ಲಿ ಎಲ್ಲಿ ಕಟ್ಟಿಕೊಂಡರೂ ಚಿಪ್ ಕಾಯುತ್ತದೆ. ಕೋಣೆಯ ಗಾಳಿಯೂ ಈ ದಾರಿಯ ಭಾಗವೇ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅಲ್ಲಿನ ಮಷಿನ್ ತೋರಿಸುವ ಅಂಕಿಯನ್ನು ಮಡಿಕೇರಿಯ ಮಷಿನ್ ಜೊತೆ ಹೋಲಿಸಿ ಹೆದರುವುದು ಬೇಡ.

ಇನ್ನೊಂದು ಮಾತು ಥ್ರಾಟ್ಲಿಂಗ್. ಚಿಪ್ ತನ್ನ ಮಿತಿ ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಂಡು ತಣ್ಣಗಾಗಲು ನೋಡುವುದಕ್ಕೆ ಈ ಹೆಸರು. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತದೆ. ಹಾಗಾಗಿ ಪ್ರೊಸೆಸರ್ ಸುಟ್ಟುಹೋಗುವುದು ಅಪರೂಪ. ನಿಜವಾದ ನಷ್ಟ ಬೇರೆ: ಮಷಿನ್ ನಿಧಾನವಾಗುತ್ತದೆ, ಸೇವ್ ಮಾಡದ ಕೆಲಸ ಹೋಗುತ್ತದೆ, ಲ್ಯಾಪ್‌ಟಾಪ್ ಆದರೆ ಪಕ್ಕದಲ್ಲೇ ಇರುವ ಬ್ಯಾಟರಿ ಬೇಗ ಸೊರಗುತ್ತದೆ.

ಹಂತ 1: ಅಳೆಯಿರಿ

ಕೈಯಿಂದ ಮುಟ್ಟಿ ಹೇಳುವುದು ಅಳತೆ ಅಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಕಾವನ್ನು ಹೊರಗೆ ಬಿಡುತ್ತದೆ, ಹಾಗಾಗಿ ಕೈಗೆ ಜಾಸ್ತಿ ಬಿಸಿ ಅನ್ನಿಸುತ್ತದೆ. ಪ್ಲಾಸ್ಟಿಕ್ ಮೈಯದು ತಣ್ಣಗಿದ್ದರೂ ಒಳಗೆ ಕುದಿಯುತ್ತಿರಬಹುದು.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್‌ನ ಉಷ್ಣತೆ ತೋರಿಸುವುದಿಲ್ಲ. ಅದರಲ್ಲಿ ಕಾಣುವ ಡಿಗ್ರಿ ಗ್ರಾಫಿಕ್ಸ್ ಚಿಪ್‌ನದು. ಇದನ್ನೇ ನೋಡಿ "ನನ್ನದು 45 ಅಷ್ಟೇ" ಎನ್ನುವವರು ಬಹಳ. ಪ್ರೊಸೆಸರ್‌ನದು ನೋಡಲು ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರದೇ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಎಂಬುದಕ್ಕೆ ಟಿಕ್ ಹಾಕಿ. ಉದ್ದನೆಯ ಪಟ್ಟಿ ಬರುತ್ತದೆ. ನೀವು ನೋಡಬೇಕಾದ್ದು ಎರಡೇ ಸಾಲು. ಇಂಟೆಲ್ ಆದರೆ 'ಸಿಪಿಯು ಪ್ಯಾಕೇಜ್', ಎಎಂಡಿ ಕಂಪನಿಯದಾದರೆ 'ಟಿ-ಕಂಟ್ರೋಲ್/ಟಿ-ಡೈ' (ತೆರೆಯ ಮೇಲೆ Tctl/Tdie) ಎಂದಿರುವುದು ಒಂದು. ಇಂಟೆಲ್‌ನಲ್ಲಿ 'ಥರ್ಮಲ್ ಥ್ರಾಟ್ಲಿಂಗ್' ಮುಂದೆ ಯೆಸ್ ಅಥವಾ ನೋ ಎಂದಿರುವುದು ಇನ್ನೊಂದು. ಈಗಿನ ಅಂಕಿ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಕಾಲಂ ಇರುತ್ತವೆ. ಗರಿಷ್ಠದ ಕಾಲಂ ಮೇಲೆ ಕಣ್ಣಿಡಿ.

ಲಿನಕ್ಸ್ ಬಳಸುವವರು ಎಲ್‌ಎಂ-ಸೆನ್ಸರ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಟರ್ಮಿನಲ್‌ನಲ್ಲೇ ಅಂಕಿ ಸಿಗುತ್ತದೆ.

ಇಲ್ಲಿ ಎಡವುವ ಜಾಗ ಮೂರು. ಒಂದು, ಪಟ್ಟಿಯಲ್ಲಿ ಎಲ್ಲೋ 127 ಡಿಗ್ರಿ ಎಂದೋ ಮೈನಸ್ ಅಂಕಿಯೋ ಕಾಣಬಹುದು. ಮದರ್‌ಬೋರ್ಡ್‌ನಲ್ಲಿ ಏನನ್ನೂ ಜೋಡಿಸದ ಖಾಲಿ ಸೆನ್ಸರ್‌ಗಳು ಹೀಗೆ ಸುಳ್ಳು ಹೇಳುತ್ತವೆ, ಬಿಟ್ಟುಬಿಡಿ. ಎರಡು, ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಕೀಲಿ ಒತ್ತಿ ಹೋಗುವ ಮೂಲ ಸೆಟ್ಟಿಂಗ್‌ನಲ್ಲಿ, ಕಾಣುವ ಅಂಕಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅಲ್ಲಿ ಚಿಪ್ ವಿಶ್ರಾಂತಿಗೆ ಇಳಿಯುವುದಿಲ್ಲ. ಮೂರು, ಎಎಂಡಿಯ 2017ರ ರೈಜನ್ 1700ಎಕ್ಸ್ ಮತ್ತು 1800ಎಕ್ಸ್ ಚಿಪ್‌ಗಳು ಟಿ-ಕಂಟ್ರೋಲ್‌ನಲ್ಲಿ ಬೇಕೆಂದೇ 20 ಡಿಗ್ರಿ ಸೇರಿಸಿ ತೋರಿಸುತ್ತವೆ. ಹಳೇ ಮಷಿನ್ ಕೊಂಡವರು ಇದನ್ನು ನೋಡಿ ಗಾಬರಿಯಾಗುತ್ತಾರೆ.

ಹಂತ 2: ಎರಡು ಅಂಕಿ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಎಂದರೆ ಇದನ್ನೇ ಮಾಡಿ ಎನ್ನುತ್ತೇನೆ.

ಮೊದಲನೆಯದು ಸುಮ್ಮನಿರುವಾಗಿನ ಅಂಕಿ. ಕಂಪ್ಯೂಟರ್ ಆನ್ ಮಾಡಿ, ಏನೂ ತೆರೆಯದೆ 15 ನಿಮಿಷ ಬಿಡಿ, ಓದಿ. ಎರಡನೆಯದು ದುಡಿಯುವಾಗಿನದು. ಇದಕ್ಕೆ ಸಿನೆಬೆಂಚ್ ಎಂಬ ಉಚಿತ ಪರೀಕ್ಷಾ ತಂತ್ರಾಂಶ ಒಳ್ಳೆಯದು. ಅದರಲ್ಲಿ 10 ನಿಮಿಷ ಎಡೆಬಿಡದೆ ಓಡಿಸುವ ಆಯ್ಕೆ ಇದೆ. ಓಡುತ್ತಿರುವಾಗ ಗರಿಷ್ಠ ಅಂಕಿ ನೋಡಿ. ಜೊತೆಗೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ 'ಸ್ಪೀಡ್', ಅಂದರೆ ಈಗಿನ ವೇಗ, ಮತ್ತು 'ಬೇಸ್ ಸ್ಪೀಡ್', ಅಂದರೆ ತಯಾರಕರು ಹೇಳಿರುವ ಮೂಲ ವೇಗ, ಎರಡನ್ನೂ ನೋಡಿ. ಬರೆಯುವಾಗ ತಾರೀಖು, ಹೊತ್ತು, ಕೋಣೆಯ ಉಷ್ಣತೆ ಕೂಡ ಇರಲಿ. ಕೋಣೆಯದು ತಿಳಿಯಲು ಗೋಡೆಗೆ ಹಾಕುವ ಸಾಧಾರಣ ಥರ್ಮಾಮೀಟರ್ ಸಾಕು.

ಯಾವ ಅಂಕಿ ಒಳ್ಳೆಯದು? ನಾನು ನೋಡುವ ರೀತಿ ಹೀಗೆ. ಸುಮ್ಮನಿರುವಾಗ ಕೋಣೆಗಿಂತ 10ರಿಂದ 25 ಡಿಗ್ರಿ ಮೇಲಿದ್ದರೆ ಸರಿ. ಡೆಸ್ಕ್‌ಟಾಪ್ ದುಡಿಯುವಾಗ 85ರ ಒಳಗಿದ್ದರೆ ನೆಮ್ಮದಿ. ಲ್ಯಾಪ್‌ಟಾಪ್ ದುಡಿಯುವಾಗ 85ರಿಂದ 95 ಕಂಡರೂ ಅದು ಮಾಮೂಲಿ. ಅಷ್ಟು ತೆಳ್ಳಗಿನ ಡಬ್ಬದಲ್ಲಿ ಇನ್ನೇನೂ ಸಾಧ್ಯವಿಲ್ಲ. ಇಂಟೆಲ್‌ನ ಇತ್ತೀಚಿನ ಬಹುಪಾಲು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಎಎಂಡಿಯಲ್ಲಿ ಮಾದರಿಗೊಂದು: ರೈಜನ್ 7 5800ಎಕ್ಸ್‌ಗೆ 90, ರೈಜನ್ 5 7600ಎಕ್ಸ್‌ಗೆ 95, ರೈಜನ್ 7 7800ಎಕ್ಸ್3ಡಿಗೆ 89. 7600ಎಕ್ಸ್ ತರಹದ ಚಿಪ್‌ಗಳನ್ನು ಭಾರೀ ಕೆಲಸದಲ್ಲಿ 95ರಲ್ಲೇ ಓಡುವ ಹಾಗೆ ಮಾಡಿದ್ದಾರೆ. ನಿಮ್ಮ ಚಿಪ್‌ನ ಮಿತಿಯನ್ನು ತಯಾರಕರ ತಾಣದಲ್ಲೇ ನೋಡಿಕೊಳ್ಳಿ.

ಹಾಗಾಗಿ ಬರೀ ಡಿಗ್ರಿ ನೋಡಿ ತೀರ್ಮಾನಿಸಬೇಡಿ. ದುಡಿಯುವಾಗ ಅಂಕಿ ಮಿತಿಗೆ ಅಂಟಿಕೊಂಡಿದೆ, ಜೊತೆಗೆ ವೇಗ ಬೇಸ್ ಸ್ಪೀಡ್‌ಗಿಂತ ಕೆಳಗೆ ಇಳಿಯುತ್ತಿದೆ ಎಂದರೆ ತೊಂದರೆ ಇದೆ. ಸುಮ್ಮನಿರುವಾಗಲೇ 70-80 ಇದ್ದರೂ ಇದೆ. ಇವೆರಡೂ ಇಲ್ಲದಿದ್ದರೆ ನಿಮ್ಮ ಮಷಿನ್ ಚೆನ್ನಾಗಿಯೇ ಇದೆ. ಏನನ್ನೂ ಬಿಚ್ಚಬೇಡಿ.

ತಾನಾಗಿಯೇ ಆಫ್ ಆಗುವವರಿಗೆ ಒಂದು ಮಾತು. ಅದಕ್ಕೆ ಬಿಸಿಯೇ ಕಾರಣ ಎಂದೇನಿಲ್ಲ. ಪವರ್ ಸಪ್ಲೈ ಸೋತಿದ್ದರೂ, ಯುಪಿಎಸ್ ಬ್ಯಾಟರಿ ಹೋಗಿದ್ದರೂ ಹೀಗೇ ಆಗುತ್ತದೆ. ಆಫ್ ಆಗುವ ಕ್ಷಣದಲ್ಲಿ ಅಂಕಿ 60 ಇತ್ತು ಎಂದಾದರೆ ಇಲ್ಲಿಗೇ ನಿಲ್ಲಿಸಿ, ಪವರ್ ಕಡೆ ನೋಡಿ.

ಹಂತ 3: ಯಾರು ದುಡಿಸುತ್ತಿದ್ದಾರೆ ನೋಡಿ

ಸುಮ್ಮನಿರುವಾಗಲೇ ಬಿಸಿ ಜಾಸ್ತಿ ಇದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ. ಯಾವುದು ಜಾಸ್ತಿ ತಿನ್ನುತ್ತಿದೆಯೋ ಅದು ಮೇಲೆ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಅಥವಾ ಆಂಟಿವೈರಸ್ ತಪಾಸಣೆ ಆಗಿದ್ದರೆ ಅರ್ಧ-ಮುಕ್ಕಾಲು ಗಂಟೆ ಕಾಯಿರಿ. ಬ್ರೌಸರ್ ಆಗಿದ್ದರೆ ಟ್ಯಾಬ್‌ಗಳನ್ನು ಮುಚ್ಚಿ.

ಕ್ರಿಪ್ಟೋ ಮೈನರ್ ಎಂಬ ಕಳ್ಳ ತಂತ್ರಾಂಶಗಳಿವೆ. ನಿಮ್ಮ ಮಷಿನ್ ದುಡಿಸಿ ಬೇರೆಯವರಿಗೆ ದುಡ್ಡು ಮಾಡಿಕೊಡುತ್ತವೆ. ಕದ್ದ ಗೇಮ್, ಕ್ರ್ಯಾಕ್ ಮಾಡಿದ ತಂತ್ರಾಂಶಗಳ ಜೊತೆ ಇವು ಬರುತ್ತವೆ. ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಅಡಗಿಕೊಳ್ಳುತ್ತವೆ. ಅದನ್ನು ತೆರೆದಾಗ ಫ್ಯಾನ್ ಸದ್ದು ಇಳಿದು, ಮುಚ್ಚಿದಾಗ ಮತ್ತೆ ಏರಿದರೆ ಅನುಮಾನಪಡಿ. ಪೂರ್ತಿ ವೈರಸ್ ತಪಾಸಣೆ ಮಾಡಿಸಿ.

ಹಂತ 4: ಗಾಳಿಯ ದಾರಿ ಬಿಡಿಸಿ

ನಾನು ನೋಡಿದ ಮಷಿನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಹಂತದಲ್ಲೇ ಸರಿಹೋಗಿವೆ. ಹೆಚ್ಚಾಗಿ ಒಂದು ರೂಪಾಯಿ ಖರ್ಚಿಲ್ಲ, ಒಂದು ಸ್ಕ್ರೂ ಬಿಚ್ಚಬೇಕಿಲ್ಲ.

ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್ ನೋಡಿ. ಕ್ಯಾಬಿನೆಟ್ ಇಡಲು ಕೆಳಗೆ ಒಂದು ಗೂಡು ಇರುತ್ತದೆ. ಮೂರು ಕಡೆ ಹಲಗೆ, ಮುಂದೆ ಬಾಗಿಲು. ಹಿಂದಿನಿಂದ ಹೊರಟ ಬಿಸಿಗಾಳಿ ಗೋಡೆಗೆ ಬಡಿದು ಅದೇ ಗೂಡಿನೊಳಗೆ ತಿರುಗಿ ಬರುತ್ತದೆ. ಫ್ಯಾನ್ ಅದನ್ನೇ ಮತ್ತೆ ಒಳಗೆಳೆಯುತ್ತದೆ. ಮಷಿನ್ ಆನ್ ಇದ್ದಾಗ ಆ ಬಾಗಿಲು ಯಾವಾಗಲೂ ತೆರೆದಿರಲಿ. ಇನ್ನೂ ಒಳ್ಳೆಯದೆಂದರೆ ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆದು, ಹಿಂದೆ ಗೋಡೆಗೆ ಒಂದು ಗೇಣಿನಷ್ಟು ಜಾಗ ಬಿಟ್ಟು, ನೆಲಕ್ಕೆ ತಾಗದ ಹಾಗೆ ಚಿಕ್ಕ ಸ್ಟೂಲ್ ಮೇಲೆ ಇಡುವುದು. ಧೂಳು ಕೂರಬಾರದೆಂದು ಹೊದಿಸುವ ಬಟ್ಟೆ, ಪ್ಲಾಸ್ಟಿಕ್ ಕವರ್ ಕೆಲಸ ಮುಗಿದ ಮೇಲೆ ಮಾತ್ರ. ಆಫ್ ಮಾಡಿದ ಕೂಡಲೇ ಕೂಡ ಹೊದಿಸಬೇಡಿ, ಹತ್ತು ನಿಮಿಷ ತಡೆಯಿರಿ.

ಲ್ಯಾಪ್‌ಟಾಪ್‌ಗಳ ಕತೆ ಹಾಸಿಗೆಯದು. ಹೆಚ್ಚಿನವು ತಳದಿಂದ ಗಾಳಿ ಎಳೆದುಕೊಳ್ಳುತ್ತವೆ. ಹಾಸಿಗೆ, ದಿಂಬು, ಸೋಫಾ ಆ ಕಿಂಡಿಗಳನ್ನು ಪೂರ್ತಿ ಮುಚ್ಚಿಬಿಡುತ್ತವೆ. ಗಟ್ಟಿ ಮಣೆ ಇಟ್ಟುಕೊಂಡು ಅದರ ಮೇಲಿಡಿ. ಹಿಂದಿನ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಒಂದೆರಡು ಸೆಂಟಿಮೀಟರ್ ಎತ್ತಿ ನೋಡಿ, 10 ನಿಮಿಷದ ಪರೀಕ್ಷೆ ಮತ್ತೆ ಓಡಿಸಿ. ಇಷ್ಟಕ್ಕೇ ಅಂಕಿ ಇಳಿದರೆ ಕೂಲಿಂಗ್ ಪ್ಯಾಡ್ ಕೊಳ್ಳುವ ಅಗತ್ಯವೇ ಇಲ್ಲ. 2020ರಲ್ಲಿ ಆಪಲ್‌ನ ಎಂ1 ಚಿಪ್ ಬಂದ ಮೇಲಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನೇ ಇಲ್ಲ. ಅವು ಬಿಸಿಯಾದರೆ ನಿಧಾನವಾಗುವುದೊಂದೇ ದಾರಿ, ಹಾಗಾಗಿ ಅವನ್ನು ಬಿಸಿಲಿನ ಕಿಟಕಿ ಪಕ್ಕ ಇಟ್ಟುಕೊಳ್ಳಬೇಡಿ.

ಡೆಸ್ಕ್‌ಟಾಪ್‌ಗೆ ಒಂದು ಸುಲಭ ಪರೀಕ್ಷೆ ಇದೆ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಅದೇ ಪರೀಕ್ಷೆ ಓಡಿಸಿ. ಒಳಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ಮುಚ್ಚಳ ತೆಗೆದಾಗ 7-8 ಡಿಗ್ರಿ ಇಳಿದರೆ ತಪ್ಪು ಗಾಳಿಯ ಓಡಾಟದ್ದು. ಏನೂ ಇಳಿಯದಿದ್ದರೆ ಧೂಳು ಅಥವಾ ಪೇಸ್ಟ್ ಕಡೆ ನೋಡಬೇಕು. ಹಾಗೆಂದು ಮುಚ್ಚಳವನ್ನು ಶಾಶ್ವತವಾಗಿ ತೆಗೆದಿಡಬೇಡಿ. ಹಲ್ಲಿ, ಜಿರಲೆ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ. ಫ್ಯಾನ್ ಸೇರಿಸುವುದಾದರೆ ಮುಂದಿನದು ಒಳಗೆಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಸಾಮಾನ್ಯವಾಗಿ ಫ್ಯಾನ್‌ನ ಯಾವ ಮುಖದಲ್ಲಿ ಅಡ್ಡ ಕಡ್ಡಿಗಳಿವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಎರಡನ್ನೂ ಒಳಮುಖ ಹಾಕಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆಗೆ ನೀರಿನ ಕೂಲರ್ ಇರುತ್ತದೆ. ಅದರ ಎದುರಿಗೇ ಕಂಪ್ಯೂಟರ್ ಇಡಬೇಡಿ. ಆ ಗಾಳಿಯಲ್ಲಿ ತೇವ ಜಾಸ್ತಿ, ಒಮ್ಮೊಮ್ಮೆ ಹನಿಯೂ ಹಾರುತ್ತದೆ. ಫ್ರಿಜ್‌ನಲ್ಲಿ ಇಟ್ಟು ತಣ್ಣಗೆ ಮಾಡುವುದಂತೂ ಬೇಡವೇ ಬೇಡ. ಹೊರಗೆ ತೆಗೆದ ಕೂಡಲೇ ತಂಪು ಹಾಲಿನ ಪಾಕೆಟ್ ಬೆವರುವ ಹಾಗೆ ಮದರ್‌ಬೋರ್ಡ್ ಬೆವರುತ್ತದೆ.

ಹಂತ 5: ಧೂಳು ತೆಗೆಯಿರಿ

ವರ್ಷಕ್ಕೆ ಎರಡು ಸಲ ಸಾಕು. ನೆನಪಿಟ್ಟುಕೊಳ್ಳಲು ಸುಲಭವಾಗಲಿ ಎಂದು ನಾನು ಹೇಳುವುದು: ಒಂದು ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವ ಮೊದಲು. ಇನ್ನೊಂದು ಆಯುಧ ಪೂಜೆಗೆ, ಹೇಗೂ ಅವತ್ತು ಒರೆಸಿ ಪೂಜೆ ಮಾಡುತ್ತೀರಿ. ಅರಿಶಿನ ಕುಂಕುಮವನ್ನು ಕಿಂಡಿಗಳಿಂದ ದೂರ ಹಚ್ಚಿ. ಆ ಪುಡಿ ನೇರ ಫ್ಯಾನ್‌ಗೆ ಹೋಗುತ್ತದೆ. ಹಿಟ್ಟಿನ ಗಿರಣಿ, ಹತ್ತಿ ಜಿನ್ನಿಂಗ್, ಮಣ್ಣು ರಸ್ತೆ ಪಕ್ಕ ಇರುವವರು ಮೂರು ತಿಂಗಳಿಗೊಮ್ಮೆ ನೋಡಿ. ಅಡುಗೆಮನೆಗೆ ಹತ್ತಿರ ಇದ್ದರೆ ಎಣ್ಣೆ ಹಬೆ ಸೇರಿ ಧೂಳು ಅಂಟಾಗಿರುತ್ತದೆ, ಊದಿದರೆ ಹೋಗುವುದಿಲ್ಲ, ಬ್ರಶ್ ಬೇಕು.

ಬೇಕಾದ್ದು ಸ್ಕ್ರೂ ಡ್ರೈವರ್, ಮೆತ್ತನೆಯ ಪೇಂಟ್ ಬ್ರಶ್, ಕೈಯಲ್ಲಿ ಹಿಡಿಯುವ ಬ್ಲೋವರ್. ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ. ಮಷಿನ್ ಹೊರಗೆ, ಜಗುಲಿಗೆ ತನ್ನಿ. ಯಾವುದಾದರೂ ಬಣ್ಣ ಬಳಿಯದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಇದನ್ನು ಮರೆತು ಫ್ಯಾನ್ ಗಿರ್ರನೆ ತಿರುಗಲು ಬಿಟ್ಟರೆ ಅದರ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಬೋರ್ಡ್‌ಗೆ ತಾಗಿಸಬೇಡಿ, ಸ್ಥಿರ ವಿದ್ಯುತ್ ಹುಟ್ಟುತ್ತದೆ. ಒದ್ದೆ ಬಟ್ಟೆ ಬೇಡ.

ಲ್ಯಾಪ್‌ಟಾಪ್‌ನಲ್ಲಿ ಧೂಳು ಕಟ್ಟುವುದು ಫ್ಯಾನ್ ಮತ್ತು ಹೀಟ್‌ಸಿಂಕ್ ರೆಕ್ಕೆಗಳ ನಡುವೆ, ಕಂಬಳಿಯ ಹಾಗೆ. ಹೊರಗಿನಿಂದ ಊದಿದರೆ ಸ್ವಲ್ಪ ಕದಲುತ್ತದೆ, ಪೂರ್ತಿ ಬರುವುದಿಲ್ಲ. ತಳ ಬಿಚ್ಚುವ ಧೈರ್ಯ ಇದ್ದರೆ ಮೊದಲು ವಾರಂಟಿ ನೋಡಿಕೊಳ್ಳಿ. ಬಿಚ್ಚಿದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ತೆಗೆಯುವುದು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಅದೇ ಜಾಗಕ್ಕೆ ಟೇಪ್ ಹಾಕಿ ಅಂಟಿಸಿ.

ಹಂತ 6: ಸೆಟ್ಟಿಂಗ್ ತಗ್ಗಿಸಿ

ಪಾಠ, ಟೈಪಿಂಗ್, ವಿಡಿಯೋ ನೋಡುವುದಷ್ಟೇ ನಿಮ್ಮ ಕೆಲಸವಾದರೆ ಪೂರ್ತಿ ವೇಗ ಬೇಕಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಪುಟಕ್ಕೆ ಹೋಗಿ ಪವರ್ ಮೋಡ್ ಅನ್ನು ಕಡಿಮೆ ಪವರ್ ಬಳಸುವ ಆಯ್ಕೆಗೆ ಇಡಿ. ಇನ್ನೂ ಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ ತೆರೆದು 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುವುದನ್ನು 99 ಮಾಡಿ. ಒಂದೇ ಅಂಕಿ ಇಳಿಸಿದ್ದು ಅನ್ನಿಸುತ್ತದೆ, ಆದರೆ ಇದರಿಂದ ಬಹಳಷ್ಟು ಮಷಿನ್‌ಗಳಲ್ಲಿ ಟರ್ಬೋ, ಅಂದರೆ ಬೇಸ್ ಸ್ಪೀಡ್‌ಗಿಂತ ಮೇಲೆ ಜಿಗಿಯುವ ಗುಣ, ನಿಲ್ಲುತ್ತದೆ. ಬಿಸಿ ಚೆನ್ನಾಗಿ ಇಳಿಯುತ್ತದೆ. ಬೇಸಿಗೆ ಮುಗಿದ ಮೇಲೆ ಮತ್ತೆ 100 ಮಾಡಿಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಬಯೋಸ್ ಅಪ್‌ಡೇಟ್ ಮಾಡಿಸಲೇಬೇಕು. ಅವುಗಳಲ್ಲಿ ವೋಲ್ಟೇಜ್ ಜಾಸ್ತಿ ಹರಿದು ಚಿಪ್ ಕೆಡುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದೆ. ಕರೆಂಟ್ ಹೋಗುವ ಹೊತ್ತಿನಲ್ಲಿ, ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್ ಮಾಡಬೇಡಿ.

ಹಂತ 7: ಪೇಸ್ಟ್

ಇಲ್ಲಿವರೆಗಿನದು ಎಲ್ಲ ಮಾಡಿಯೂ ಅಂಕಿ ಇಳಿದಿಲ್ಲ, ಮಷಿನ್‌ಗೆ ನಾಲ್ಕೈದು ವರ್ಷ ಆಗಿದೆ ಎಂದರೆ ಮಾತ್ರ ಪೇಸ್ಟ್ ಬದಲಾಯಿಸಿ. ಒಳ್ಳೆಯ ಕಂಪನಿಯ ಚಿಕ್ಕ ಟ್ಯೂಬ್ ಸಾಕು. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಹಳೇ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರ ಜಿಡ್ಡು ಉಳಿಯುತ್ತದೆ. ಟೂತ್‌ಪೇಸ್ಟ್ ಹಚ್ಚಬಹುದಾ ಎಂದು ಈಗಲೂ ಕೇಳುತ್ತಾರೆ. ಬೇಡ, ಬೇಗ ಒಣಗಿ ಪುಡಿಯಾಗುತ್ತದೆ. ಲಿಕ್ವಿಡ್ ಮೆಟಲ್ ಎಂದು ಮಾರುವುದನ್ನೂ ಮುಟ್ಟಬೇಡಿ. ಅದು ವಿದ್ಯುತ್ ಹರಿಸುತ್ತದೆ, ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ.

ಎಎಂಡಿಯ ಎಎಂ4 ಎಂಬ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಮದರ್‌ಬೋರ್ಡ್‌ನವರು ಇಲ್ಲಿ ಬಹಳ ಜೋಪಾನ. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್, ಅಂದರೆ ಹೀಟ್‌ಸಿಂಕ್ ಮತ್ತು ಫ್ಯಾನ್ ಜೋಡಿ, ಎತ್ತುವಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಮೊದಲು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ, ಆಮೇಲೆ ಎತ್ತಿ.

ಎರಡೂ ಮುಖ ಒರೆಸಿ ಒಣಗಿದ ಮೇಲೆ ಚಿಪ್ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಡಿ. ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ. ಇಂಟೆಲ್ ಜೊತೆ ಬರುವ ಕೂಲರ್‌ನಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ, ನಾಲ್ಕೂ ಟಕ್ ಎನ್ನಬೇಕು. ಒಂದು ಕೂರದಿದ್ದರೂ ಸುಮ್ಮನಿರುವಾಗಲೇ ಬಿಸಿ ಏರುತ್ತದೆ. ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಫ್ಯಾನ್ ವೈರ್ ಮರಳಿ ಹಾಕಲು ಮರೆಯಬೇಡಿ.

ಮುಂದೆಯೂ ಕಣ್ಣಿಡಲು

ದಿನಾ ಅಂಕಿ ನೋಡುತ್ತಾ ಕೂರಬೇಕಿಲ್ಲ. ಎಚ್‌ಡಬ್ಲ್ಯುಇನ್ಫೋದಲ್ಲಿ ಇಂತಿಷ್ಟು ಡಿಗ್ರಿ ದಾಟಿದರೆ ಎಚ್ಚರಿಸು ಎಂದು ಹೇಳಿಡಬಹುದು. ಮಿತಿಗಿಂತ ಐದು ಡಿಗ್ರಿ ಕೆಳಗೆ ಇಡಿ. ತಿಂಗಳಿಗೊಮ್ಮೆ ಅದೇ 10 ನಿಮಿಷದ ಪರೀಕ್ಷೆ ಓಡಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಕೋಣೆ ಅಷ್ಟೇ ಇದ್ದು ಚಿಪ್ ಅಂಕಿ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಧೂಳು ಕಟ್ಟುತ್ತಿದೆ. ಒಂದೇ ದಿನದಲ್ಲಿ 20 ಡಿಗ್ರಿ ಜಿಗಿದರೆ ಫ್ಯಾನ್ ನಿಂತಿದೆ, ಇಲ್ಲವೇ ಕೂಲರ್ ಸಡಿಲವಾಗಿದೆ. ದ್ರವ ಹರಿಸಿ ತಣ್ಣಗೆ ಮಾಡುವ ಲಿಕ್ವಿಡ್ ಕೂಲರ್ ಇದ್ದರೆ ಪಂಪ್ ನಿಂತಿರಬಹುದು. ಆಗ ತಕ್ಷಣ ಆಫ್ ಮಾಡಿ.

ಲ್ಯಾಪ್‌ಟಾಪ್‌ನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಈ ಯಾವ ಹಂತವೂ ಬೇಡ. ಅದು ಬ್ಯಾಟರಿ ಊದಿಕೊಂಡಿರುವುದು. ಚಾರ್ಜರ್ ಕಿತ್ತು, ಒತ್ತದೆ, ಚುಚ್ಚದೆ ಸೀದಾ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಅಂಗಡಿಗೆ ಕೊಡುವುದಾದರೆ ನೋಟ್‌ಬುಕ್ ಜೊತೆಗೇ ಒಯ್ಯಿರಿ. "ಬಿಸಿಯಾಗುತ್ತೆ, ನೋಡಿ" ಎಂದಷ್ಟೇ ಹೇಳಬೇಡಿ. "ಕೋಣೆ 33 ಇದ್ದಾಗ, 10 ನಿಮಿಷದ ಪರೀಕ್ಷೆಯಲ್ಲಿ 99 ಮುಟ್ಟುತ್ತದೆ, ವೇಗ ಬೇಸ್‌ಗಿಂತ ಕೆಳಗಿಳಿಯುತ್ತದೆ, ಧೂಳು ತೆಗೆದಾಗಿದೆ" ಎಂದು ಹೇಳಿ. ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮೊದಲು, ಅಲ್ಲೇ ಕೂತು ಅದೇ ಪರೀಕ್ಷೆ ಓಡಿಸಿ, ಹೊಸ ಅಂಕಿಯನ್ನು ಹಳೆಯದರ ಕೆಳಗೆ ಬರೆದುಕೊಳ್ಳಿ.